ಬಕೆಟ್ ಖಾಲಿ

ಚರ್ಚ್‌ನ ಚಾವಣಿ ಕೆಲಸ ಮುಗಿಯಿತು. ಅಂಗಳಕ್ಕೆ ಕಲ್ಲು ಹಾಸಿದ್ದೂ ಆಯಿತು. ಉಳಿದಿರುವುದು ಹಿಂದಿನ ಗೋಡೆ. ಯಾವಾಗಲೋ ಯಾರೋ ಅದಕ್ಕೆ ಸಿಮೆಂಟ್ ಬಳಿದಿದ್ದರು. ಹಳೇ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಗೆ ಹೋಗುವುದಿಲ್ಲ, ಒಳಗೇ ಕೂತು ಗೋಡೆಯನ್ನು ತಿನ್ನುತ್ತದೆ. ಈಗ ಅದನ್ನೆಲ್ಲ ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆ ಮಾಡುತ್ತಿದ್ದಾರೆ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬೇಗ ಒಣಗಿಸಿದರೆ ಬಿರುಕು ಗ್ಯಾರಂಟಿ!

ದಾನ ಕೊಟ್ಟವರೊಬ್ಬರು, ‘ನಮ್ಮ ದುಡ್ಡು ಎಲ್ಲಿ ಹೋಯಿತು, ಕಾಣಿಸ್ತಾನೇ ಇಲ್ಲ’ ಎಂದರು. ಅವರ ದುಡ್ಡಿನಲ್ಲಿ ಹಾಕಿದ್ದು ಮಳೆನೀರನ್ನು ಅಡಿಪಾಯದಿಂದ ದೂರ ಒಯ್ಯುವ ಪೈಪು. ನೆಲದೊಳಗಿರುವುದನ್ನು ಹೇಗೆ ತೋರಿಸೋದು? ಸುಮ್ನೆ ನಕ್ಕೆ. ಹೆಸರಿನ ಫಲಕ ಬೇಕಂತೆ. ಪೈಪಿನ ಮೇಲೆ ನೇತುಹಾಕಲು ಆಗುತ್ತಾ?

ನಿನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದೆ. ಬಲಿಪೀಠದ ಹಿಂದೆ ಸದಾ ಇಟ್ಟಿರುತ್ತಿದ್ದ ಬಕೆಟ್‌ನಲ್ಲಿ ಒಂದು ಹನಿಯೂ ಇರಲಿಲ್ಲ.