ತೂಕ ಕೇಳದೆ ಕೊಟ್ಟ ಸೈಕಲ್

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಸೈಕಲ್ ಅಂಗಡಿಯಲ್ಲಿ ನಾನು 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಾರುವುದೂ ನಾನೇ, ಪಂಕ್ಚರ್ ಹಾಕುವುದೂ ನಾನೇ. ಹೆಚ್ಚಾಗಿ ಹೋಗುವುದು ಶಾಲೆಯ ಮಕ್ಕಳ ಸೈಕಲ್. ಆದರೆ ಕೆಲವು ವರ್ಷಗಳಿಂದ ಗುಡ್ಡೆ ಇಳಿಯುವ ಸೈಕಲ್ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಡೌನ್‌ಹಿಲ್ ಅಂತ ಹೇಳುತ್ತಾರಲ್ಲ, ಅದು. ಅವರಲ್ಲಿ ಕುಳ್ಳಗಿನವರು, ಹಗುರ ಮೈಯವರು ಬಂದಾಗ ಏನು ನೋಡಿ ಕೊಡಬೇಕು ಅಂತ ನನಗೆ ಗೊತ್ತಾಗಿದ್ದು ಒಂದು ತಪ್ಪು ಮಾಡಿದ ಮೇಲೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ತುಲಾ ತಿಂಗಳ ಮಳೆ ನಿಂತ ಸಮಯ. ಹತ್ತಿರದ ಕನ್ನಡ ಶಾಲೆಯ ಒಬ್ಬರು ಟೀಚರ್ ಬಂದರು. ನಾಲ್ಕು ಅಡಿ 11 ಇಂಚು ಎತ್ತರ, ಅಂದರೆ 150 ಸೆಂಟಿಮೀಟರ್. ರಜೆಯಲ್ಲಿ ತಮ್ಮನ ಸೈಕಲ್‌ನಲ್ಲಿ ಗೇರುಗುಡ್ಡೆ ಇಳಿದು ಇಳಿದು ರುಚಿ ಹತ್ತಿತ್ತು. "ಅಣ್ಣಾ, ನನ್ನದೇ ಅಂತ ಒಂದು ಬೇಕು. 40 ಸಾವಿರಕ್ಕಿಂತ ಮೇಲೆ ಆಗುವುದಿಲ್ಲ" ಅಂದರು.

ನಮ್ಮ ಕಡೆಯ ಗುಡ್ಡೆ ಗೊತ್ತಿಲ್ಲದವರಿಗೆ ಒಂದು ಮಾತು. ಮೇಲೆ ಬೋಳು ಮುರಕಲ್ಲಿನ ಪಾದೆ, ಅದರ ಕೆಳಗೆ ಗೇರು ಇಲ್ಲವೇ ರಬ್ಬರ್, ಕೊನೆಗೆ ಅಡಿಕೆ ತೋಟದ ಕಣಿ. ಮಳೆಗಾಲದಲ್ಲಿ ಪಾದೆ ಪಾಚಿ ಕಟ್ಟುತ್ತದೆ. ಬೇಸಿಗೆಯಲ್ಲಿ ಚರಳು ಚಕ್ರದಡಿ ಗೋಲಿಯ ಹಾಗೆ ಉರುಳುತ್ತದೆ. ಇಳಿಜಾರು ಉದ್ದ ಇಲ್ಲ, ಆದರೆ ಒರಟು. ಇಂಥ ಕಡೆ ಸೈಕಲ್ ಕೈಗೆ ಸಿಗದಿದ್ದರೆ ಬಿದ್ದದ್ದೇ.

ನಾನು ಆವತ್ತು ಮಾಡಿದ್ದು ಇಷ್ಟು. 'ಸ್ಮಾಲ್' ಅಂತ ಬರೆದ ಒಂದು ಸೈಕಲ್ ತೆಗೆದೆ. ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್, 27.5 ಇಂಚಿನ ಚಕ್ರ, ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಟೀಚರನ್ನು ಬಾರ್‌ನ ಎರಡೂ ಬದಿ ಕಾಲಿಟ್ಟು ನಿಲ್ಲಿಸಿದೆ. ಬಾರ್‌ಗೂ ಮೈಗೂ ನಡುವೆ ಜಾಗ ಇತ್ತು. ಸೀಟು ಇಳಿಸಿದೆ. ಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ನಕ್ಕರು. ಬಿಲ್ ಬರೆದೆ. ಎತ್ತರ ಕೇಳಿದ್ದೆ, ತೂಕ ಕೇಳಿರಲಿಲ್ಲ. ಹೆಂಗಸರ ಹತ್ತಿರ ತೂಕ ಕೇಳುವುದು ಸರಿಯಲ್ಲ ಅಂತ ಸಂಕೋಚ.

ಮೂರು ವಾರ ಕಳೆದು ಬಂದಾಗ ಅವರ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯಲು ಬೆರಳು ಎಟಕದೆ ಅಂಗೈ ಸಡಿಲ ಬಿಟ್ಟಿದ್ದಾರೆ, ಆಗಲೇ ಮುಂದಿನ ಚಕ್ರ ಕಲ್ಲಿಗೆ ಬಡಿದು ಹ್ಯಾಂಡಲ್ ಕೈತಪ್ಪಿದೆ. "ನನಗೇ ಸರಿಯಾಗಿ ಬರುವುದಿಲ್ಲ ಕಾಣುತ್ತದೆ ಅಣ್ಣಾ" ಅಂದರು. ಆ ಮಾತು ನನಗೆ ತುಂಬ ಬೇಜಾರು ಮಾಡಿತು. ಅವರಿಗೆ ಬರುತ್ತಿತ್ತು. ಸೈಕಲ್ ಅವರದಾಗಿರಲಿಲ್ಲ.

ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದಿರುವ, ಶಾಕ್ ಇರುವ ಕವಲು. ಅದರ ಕಾಲಿಗೆ, ಕುಸಿದಷ್ಟು ಮೇಲೆ ಸರಿದು ಅಲ್ಲೇ ನಿಲ್ಲುವ ಒಂದು ರಬ್ಬರ್ ರಿಂಗ್ ಹಾಕಿ ಅಂಗಡಿಯ ಮೆಟ್ಟಿಲು ಇಳಿಸಿ ನೋಡಿದೆ. 100 ಮಿಲಿಮೀಟರ್ ಕುಸಿಯಬೇಕಾದ ಫೋರ್ಕ್ 30 ಕೂಡ ಕುಸಿಯಲಿಲ್ಲ. ಒಳಗಿದ್ದದ್ದು ಉಕ್ಕಿನ ಸ್ಪ್ರಿಂಗ್, 75 ಕಿಲೋದ ಗಂಡಸರನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಮೇಲಿನ ತಿರುಪನ್ನು ಪೂರ್ತಿ ಸಡಿಲ ಬಿಟ್ಟರೂ ಅಷ್ಟೇ. ಆ ತಿರುಪು ಸ್ಪ್ರಿಂಗನ್ನು ಮೆತ್ತಗೆ ಮಾಡುವುದಿಲ್ಲ, ಅದು ಎಲ್ಲಿಂದ ಒತ್ತಲು ಶುರುವಾಗಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಅದನ್ನೇ ತಿರುಗಿಸುತ್ತಾ ಕೂರುತ್ತಾರೆ. ಪಕ್ಕದ ಅಡಿಕೆ ಅಂಗಡಿಯ ತೂಕದ ಮಿಷನ್ ಮೇಲೆ ಟೀಚರ್ ತಾವೇ ಹೋಗಿ ನಿಂತರು. 44 ಕಿಲೋ. ಹೆಲ್ಮೆಟ್, ಶೂ, ಬೆನ್ನಿನ ಚೀಲ ಸೇರಿ 48. ಅಷ್ಟು ಹಗುರ ಮೈಗೆ ಆ ಫೋರ್ಕ್ ಬರೀ ಕಬ್ಬಿಣದ ಕೋಲು. ಕಲ್ಲಿನ ಏಟು ಎಲ್ಲಾ ನೇರ ಅಂಗೈಗೆ.

ಮೊದಲು ಕಾಸಿಲ್ಲದ ಕೆಲಸ ಮಾಡಿದೆವು. ಬ್ರೇಕ್ ಲಿವರ್‌ನಲ್ಲಿ ಒಂದು ಸಣ್ಣ ತಿರುಪು ಇರುತ್ತದೆ, ಸಣ್ಣ ಅಲೆನ್ ಕೀಲಿಯಲ್ಲಿ ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರುತ್ತದೆ. ಸೈಕಲ್ ಮಾರುವಾಗ ಎರಡು ನಿಮಿಷ ತೆಗೆದು ಅದನ್ನು ಮಾಡಬೇಕಿತ್ತು, ನಾನು ಮಾಡಿರಲಿಲ್ಲ. ಆಮೇಲೆ ಲಿವರನ್ನು ಒಳಕ್ಕೆ ಜರುಗಿಸಿ, ತೋರುಬೆರಳು ಒಂದೇ ಲಿವರ್‌ನ ತುದಿಗೆ ಕೂರುವ ಹಾಗೆ ಇಟ್ಟೆ. ಉಳಿದ ಮೂರು ಬೆರಳು ಹ್ಯಾಂಡಲ್ ಬಿಡಬಾರದು. ಗುಡ್ಡೆ ಇಳಿಯುವವರಿಗೆ ಇದು ಪ್ರಾಣದ ವಿಷಯ.

ಹ್ಯಾಂಡಲ್ 760 ಮಿ.ಮೀ. ಅಗಲ ಇತ್ತು. ಸಣ್ಣ ಹೆಗಲಿನವರಿಗೆ ಅದು ರೆಕ್ಕೆ ಬಿಚ್ಚಿದ ಹಾಗೆ, ತಿರುವಿನಲ್ಲಿ ಹೊರಗಿನ ಕೈ ಪೂರ್ತಿ ಚಾಚಿ ಬಲ ಹೋಗುತ್ತದೆ. ಗರಗಸ ಹಿಡಿಯುವ ಮೊದಲು ಗ್ರಿಪ್ ಮತ್ತು ಲಿವರ್ ಎರಡನ್ನೂ ಒಳಗೆ ಸರಿಸಿ ಅಂಗಳದಲ್ಲಿ ಓಡಿಸಿ ನೋಡಿದೆವು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ ಅಲ್ವಾ? ಆಮೇಲೆ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ತೆಗೆದು 710ಕ್ಕೆ ನಿಲ್ಲಿಸಿದೆ. ಟಯರ್ ಗಾಳಿಯನ್ನೂ 35 ಪಿಎಸ್‌ಐನಿಂದ 25ಕ್ಕೆ ಇಳಿಸಿದೆ. ಹಗುರ ಇರುವವರಿಗೆ ಅಷ್ಟು ಸಾಕು, ಚರಳಿನ ಮೇಲೆ ಹಿಡಿತ ಸಿಗುತ್ತದೆ. ಟ್ಯೂಬ್ ಇರುವಾಗ ಅದಕ್ಕಿಂತ ತುಂಬ ಇಳಿಸಿದರೆ ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಪಕ್ಕಪಕ್ಕ ಎರಡು ತೂತು ಬೀಳುತ್ತವೆ.

ಖರ್ಚಿನ ಕೆಲಸ ಒಂದೇ, ಫೋರ್ಕ್. ಮಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಗಾಳಿ ಫೋರ್ಕ್ 11 ಸಾವಿರಕ್ಕೆ ಸಿಕ್ಕಿತು, 120 ಮಿ.ಮೀ.ಯದ್ದು. ಅವರ ಫ್ರೇಮ್‌ಗೆ ಅಷ್ಟು ಹಾಕಬಹುದು ಅಂತ ಕಂಪನಿಯ ಪುಸ್ತಕದಲ್ಲೇ ಇತ್ತು. ಇದನ್ನು ನೋಡದೆ ಉದ್ದ ಫೋರ್ಕ್ ಹಾಕಬೇಡಿ, ಫ್ರೇಮಿನ ತಲೆಯ ಹತ್ತಿರ ಬೆಸುಗೆ ಸೀಳಬಹುದು. 20 ಮಿ.ಮೀ. ಮುಂದೆ ಎತ್ತರವಾಯಿತು, ಅದಕ್ಕೆ ಹ್ಯಾಂಡಲನ್ನು ಹಿಡಿಯುವ ಸ್ಟೆಮ್‌ನ ಕೆಳಗಿನ ಬಿಲ್ಲೆಗಳನ್ನು ಮೇಲಕ್ಕೆ ಹಾಕಿ ಹ್ಯಾಂಡಲ್ ಇಳಿಸಿದೆ. ಗಾಳಿ ಫೋರ್ಕಿನ ದೊಡ್ಡ ಉಪಕಾರ ಏನೆಂದರೆ, 44 ಕಿಲೋಗೂ 90 ಕಿಲೋಗೂ ಒಂದೇ ಫೋರ್ಕ್ ಆಗುತ್ತದೆ, ಗಾಳಿ ಮಾತ್ರ ಬೇರೆ. ಅದಕ್ಕೆ ಶಾಕ್ ಪಂಪ್ ಬೇಕು, ಟಯರ್ ಪಂಪ್ ನಡೆಯುವುದಿಲ್ಲ. ಸವಾರರು ಪೂರ್ತಿ ಉಡುಪಿನಲ್ಲಿ ಪೆಡಲ್ ಮೇಲೆ ಎದ್ದು ನಿಂತಾಗ 120ರಲ್ಲಿ 24ರಿಂದ 30 ಮಿ.ಮೀ. ಕುಸಿಯಬೇಕು. ಅಷ್ಟು ಆಗುವವರೆಗೆ ಗಾಳಿ ಬಿಟ್ಟೆ. ಫೋರ್ಕಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ 44 ಕಿಲೋ ಇರಲೇ ಇಲ್ಲ. ಫೋರ್ಕ್ ಎಷ್ಟು ಬೇಗ ಮೇಲೆ ಬರಬೇಕು ಅನ್ನುವ ರಿಬೌಂಡ್ ತಿರುಪನ್ನು ಪೂರ್ತಿ ತೆರೆದೆ. ಹಗುರ ಮೈಗೆ ಗಾಳಿ ಕಡಿಮೆ, ಆದ್ದರಿಂದ ಅದನ್ನು ತಡೆಯುವ ಎಣ್ಣೆಯ ಬಿಗಿಯೂ ಕಡಿಮೆ ಇರಬೇಕು. ಇಲ್ಲದಿದ್ದರೆ ಸಾಲಾಗಿ ಬರುವ ಕಲ್ಲುಗಳಲ್ಲಿ ಫೋರ್ಕ್ ಕುಸಿದು ಕುಸಿದು ಅಲ್ಲೇ ಕೂತುಬಿಡುತ್ತದೆ.

ನಮ್ಮ ಯಜಮಾನರಿಗೆ ಈ ಕೆಲಸದ ಕೂಲಿ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿದೆ. ಅವರು ಒಪ್ಪಿದರು.

ಆಮೇಲಿನಿಂದ ನಾನು ಎತ್ತರದ ಮೊದಲು ತೂಕ ಕೇಳುತ್ತೇನೆ. ಯಾಕೆ ಅಂತ ಹೇಳಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಆಮೇಲೆ ಕೈ ನೋಡುತ್ತೇನೆ, ಬೆರಳು ಎಷ್ಟು ಉದ್ದ ಅಂತ. ಸ್ಮಾಲ್, ಮೀಡಿಯಮ್ ಅನ್ನುವ ಅಕ್ಷರವನ್ನು ನಂಬುವುದು ಬಿಟ್ಟೆ, ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಮೀಡಿಯಮ್ ಇರುತ್ತದೆ. ಪೆಡಲಿನ ತೋಳುಗಳು ತಿರುಗುವ ನಡುವಿನ ಅಚ್ಚಿನಿಂದ ನೇರ ಮೇಲೆ ಒಂದು ಗೆರೆ ಎಳೆದು, ಅಲ್ಲಿಂದ ಫ್ರೇಮಿನ ತಲೆ ಕೊಳವೆಯ ಮೇಲ್ತುದಿಯವರೆಗೆ ಅಡ್ಡ ಎಷ್ಟು ದೂರ ಅಂತ ಅಳೆಯಬೇಕು. ಅದಕ್ಕೆ ರೀಚ್ ಅನ್ನುತ್ತಾರೆ. ನಿಂತು ಇಳಿಯುವಾಗ ಸೀಟು ಲೆಕ್ಕಕ್ಕಿಲ್ಲ, ರೀಚೇ ಲೆಕ್ಕ. ನಾನು ಗಾರೆ ಮೇಸ್ತ್ರಿಯ ತೂಗುಗುಂಡು ಇಳಿಬಿಟ್ಟು ಅಳೆಯುತ್ತೇನೆ. 150 ಸೆಂ.ಮೀ. ಎತ್ತರದವರಿಗೆ 380ರಿಂದ 400 ಮಿ.ಮೀ. ನನ್ನ ಕೈಯಲ್ಲಿ ಸರಿಬಂದ ಅಳತೆ.

ಸೀಟಿನ ಕೊಳವೆ ಗಿಡ್ಡ ಇರಬೇಕು. ಬಾರ್ ಕೆಳಗಿದ್ದರೂ ಈ ಕೊಳವೆ ಉದ್ದ ಇದ್ದರೆ ಸೀಟು ಇಳಿಯುವುದಿಲ್ಲ, ಕಡಿದಾದ ಜಾಗದಲ್ಲಿ ಹಿಂದೆ ಸರಿಯಲು ಹೋದರೆ ಹೊಟ್ಟೆಗೆ ತಾಗುತ್ತದೆ. ಗಿಡ್ಡ ಕಾಲಿನವರಿಗೆ ಹಿಂದೆ 29 ಇಂಚಿನ ಚಕ್ರವೂ ಬೇಡ, ಟಯರ್ ಬಂದು ಕುಂಡಿಗೆ ಉಜ್ಜುತ್ತದೆ. ರೇಸ್‌ನವರಿಗೂ ಇದೇ ತೊಂದರೆ. ಮುಂದೆ 29, ಹಿಂದೆ 27.5 ಹಾಕಲು 2019ರಲ್ಲಿ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಒಪ್ಪಿದ ಮೇಲೆ ಎಷ್ಟೋ ಡೌನ್‌ಹಿಲ್ ಸವಾರರು ಹಾಗೇ ಬದಲಾದರು. ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, 175 ಮಿ.ಮೀ. ಇದ್ದರೆ 165 ಕೇಳಿ. ಮಂಡಿಗೂ ಒಳ್ಳೆಯದು, ಕಲ್ಲಿಗೆ ಪೆಡಲ್ ಬಡಿಯುವುದೂ ಕಡಿಮೆ.

ಮಕ್ಕಳ 24 ಇಂಚಿನ ಸೈಕಲ್ ಸಾಕಲ್ವಾ ಅಂತ ಮನೆಯವರು ಹೇಳುತ್ತಾರೆ. ಕಡಿಮೆ ಬೆಲೆಯವುಗಳ ರಿಮ್, ಫೋರ್ಕ್ ಎರಡೂ ಗುಡ್ಡೆಗೆ ತಡೆಯುವುದಿಲ್ಲ. ಅದಕ್ಕಿಂತಲೂ ನನಗೆ ಭಯ ಇರುವುದು ಕಡಿಮೆ ಬೆಲೆಯ 'ಡಬಲ್ ಸಸ್ಪೆನ್ಷನ್' ಸೈಕಲ್ ಬಗ್ಗೆ. ನೋಡಲು ಭಾರೀ. ಹಿಂದಿನ ಶಾಕ್‌ನಲ್ಲಿ ಬರೀ ಸ್ಪ್ರಿಂಗ್, ತಡೆಯುವ ಎಣ್ಣೆ ಇಲ್ಲ. ಹಗುರ ಸವಾರರನ್ನು ಅದು ಕತ್ತೆ ಒದ್ದ ಹಾಗೆ ಎತ್ತಿ ಎಸೆಯುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಹಾರ್ಡ್‌ಟೇಲ್ ಸಿಗುತ್ತದೆ.

ನಿಜವಾದ ಡೌನ್‌ಹಿಲ್ ಸೈಕಲ್ ಬೇರೆಯೇ ಜಾತಿ. ಹಿಂದೆ ಮುಂದೆ 200 ಮಿ.ಮೀ. ಕುಸಿತ, ಎರಡು ಕ್ರೌನಿನ (ತಲೆ ಕೊಳವೆಯ ಮೇಲೂ ಕೆಳಗೂ ಕಾಲುಗಳನ್ನು ಹಿಡಿದ) ಫೋರ್ಕ್, 16 ಕಿಲೋ ಆಸುಪಾಸು ತೂಕ. ಹೊಸದಕ್ಕೆ ಲಕ್ಷಗಟ್ಟಲೆ. 44 ಕಿಲೋದವರಿಗೆ ಅದು ತಮ್ಮ ಮೈಯ ಮೂರನೇ ಒಂದು ಪಾಲಿಗಿಂತ ಜಾಸ್ತಿ. ನಮ್ಮ ಗುಡ್ಡೆಯಲ್ಲಿ ಮೇಲೆ ಹತ್ತಿಸಲು ಲಿಫ್ಟ್ ಇಲ್ಲ, ತಳ್ಳಿಕೊಂಡೇ ಹೋಗಬೇಕು.

ಆದರೂ ಹಟ ಹಿಡಿದವರಿಗೆ ಒಂದು ದಾರಿ ಇದೆ. ಕಳೆದ ವರ್ಷ ಮುಳ್ಳೇರಿಯ ಕಡೆಯ ಒಬ್ಬ ಪ್ಲಸ್ ಟು ಹುಡುಗ, 46 ಕಿಲೋ, ಬೆಂಗಳೂರಿನಲ್ಲಿ ಮಾರಾಟಕ್ಕಿದ್ದ ಹಳೆಯ ಡೌನ್‌ಹಿಲ್ ಸೈಕಲ್‌ನ ಫೋಟೋ ತಂದ. 26 ಇಂಚಿನ ಚಕ್ರದ್ದು. ದೊಡ್ಡ ಚಕ್ರ ಬಂದ ಮೇಲೆ ಇವಕ್ಕೆ ಬೆಲೆ ಬಿದ್ದುಹೋಗಿದೆ, ಆದರೆ ಕುಳ್ಳಗಿನವರಿಗೆ ಅವು ಚೆನ್ನಾಗಿ ಹೊಂದುತ್ತವೆ: ತಗ್ಗಿನ ಬಾರ್, ಗಿಡ್ಡ ರೀಚ್, ಸಣ್ಣ ಚಕ್ರ. ಒಳ್ಳೆಯ ಟಯರ್ ಹುಡುಕುವುದು ಸ್ವಲ್ಪ ಕಷ್ಟ, ಅಷ್ಟೇ. ಹಿಂದಿನ ಸ್ಪ್ರಿಂಗ್ ಮೇಲಿನ ಅಂಕೆಯ ಫೋಟೋ ತರಿಸು ಅಂದೆ. 400 ಅಂತ ಇತ್ತು. ಒಂದು ಇಂಚು ಕುಸಿಯಲು 400 ಪೌಂಡ್ ಬೇಕು ಅಂತ ಅರ್ಥ. ಅವನ ತೂಕಕ್ಕೆ ಲೆಕ್ಕ ಹಾಕಿದರೆ 225ರ ಆಸುಪಾಸು ಸಾಕು. ಮುಂದಿನ ಫೋರ್ಕಿನ ಸ್ಪ್ರಿಂಗ್ ಕೂಡ ಹಾಗೇ. ಸ್ಪ್ರಿಂಗ್ ಬದಲಿಸುವ ದುಡ್ಡನ್ನು ಬೆಲೆಯಲ್ಲೇ ಕಡಿಮೆ ಮಾಡಿಸಿಕೊಂಡು ತೆಗೆದುಕೊಂಡ.

ಹಳೆಯದು ಕೊಳ್ಳುವಾಗ ನಾನು ಮೊದಲು ತಲೆ ಕೊಳವೆಯ ಬೆಸುಗೆ ಒರೆಸಿ ಬೆಳಕು ಬಿಟ್ಟು ನೋಡುತ್ತೇನೆ, ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೂ ಬೇಡ. ಫೋರ್ಕಿನ ಕಾಲಿನ ಮೇಲೆ ಉಗುರು ಆಡಿಸುತ್ತೇನೆ, ಉಗುರು ಸಿಕ್ಕಿಕೊಂಡರೆ ಸೀಲ್ ಉಳಿಯುವುದಿಲ್ಲ. ಸೀಟು ಹಿಡಿದು ಮೇಲೆತ್ತಿದಾಗ 'ಟಕ್' ಅಂತ ಆಟ ಬಂದರೆ ಹಿಂದಿನ ಬೇರಿಂಗ್ ಹೋಗಿದೆ. ಡಿಸ್ಕ್ ಹೊಸತಿದ್ದಾಗ 1.8 ಮಿ.ಮೀ. ದಪ್ಪ, ಶಿಮಾನೋದವರು 1.5ಕ್ಕೆ ಇಳಿದರೆ ಬದಲಿಸಿ ಅನ್ನುತ್ತಾರೆ. ಹಗುರ ಸವಾರರಿಗೆ 203 ಮಿ.ಮೀ. ಅಗಲದ ದೊಡ್ಡ ಡಿಸ್ಕ್ ಬೇಡ, 180 ಸಾಕು, ಅಲ್ಲಿ ದುಡ್ಡು ಉಳಿಸಬಹುದು. ಬ್ರೇಕ್‌ನಲ್ಲೇ ಉಳಿಸಲು ಹೋಗಬೇಡಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡದಲ್ಲಿ ಶುರುವಾದ ಇಳಿಜಾರು ಓಟಕ್ಕೆ 'ರೀಪ್ಯಾಕ್', ಅಂದರೆ ಮತ್ತೆ ತುಂಬುವುದು, ಅಂತ ಹೆಸರು. ಹಿಂದಿನ ಚಕ್ರದ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತಂತೆ, ಪ್ರತಿ ಸಲ ಇಳಿದ ಮೇಲೆ ಹೊಸ ಗ್ರೀಸ್ ತುಂಬಬೇಕಾಗಿತ್ತು. ಹಬ್‌ಗೆ ಗ್ರೀಸ್ ತುಂಬುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಮೊನ್ನೆ ಟೀಚರ್ ಸೈಕಲ್ ಮಳೆಗಾಲದ ಮುಂಚಿನ ಸರ್ವಿಸ್‌ಗೆ ಬಂದಿತ್ತು. ಕೆಂಪು ಕೆಸರು ಬ್ರೇಕ್ ಪ್ಯಾಡನ್ನು ತಿನ್ನುತ್ತದೆ ಅಂತ ಈ ಸಲ ಮೆಟಲ್ ಪ್ಯಾಡ್ ಹಾಕಿದೆ. ತೊಳೆಯುವ ಮೊದಲು ಫೋರ್ಕ್ ನೋಡಿದೆ. ರಬ್ಬರ್ ರಿಂಗ್ ಮೇಲಿನ ತುದಿಗೆ ಒಂದು ಬೆರಳು ಬಾಕಿ ಇರುವಲ್ಲಿ ನಿಂತಿತ್ತು.