ಹಳೆ ಬಾಕ್ಸ್‌ಸ್ಟರ್ ಪ್ರಾಜೆಕ್ಟ್: ಇನ್ಶೂರೆನ್ಸ್ ಕೊನೆಗೂ ಆಯ್ತು

ಈ ಸಲದ ಅಪ್‌ಡೇಟ್‌ನಲ್ಲಿ ಸ್ಪ್ಯಾನರ್ ಕೆಲಸ ಕಡಿಮೆ, ಕಾಗದದ ಕೆಲಸವೇ ಜಾಸ್ತಿ. ಗಾಡಿ 2008ರ ಪೋರ್ಷೆ ಬಾಕ್ಸ್‌ಸ್ಟರ್, 987 ಮಾಡೆಲ್, 2,687 ಸಿಸಿ. ಕೂಲೆಂಟ್ ಪೈಪುಗಳ ಕೆಲಸ ಮುಗಿದಿದೆ, ಮೇಲಿನ ಟಾಪ್ (ಮಡಚೋ ಛಾವಣಿ) ಸಲೀಸಾಗಿ ಮಡಚಿಕೊಳ್ಳುತ್ತಿದೆ. ಆದರೆ ಹಿಂದಿನ ಮಾಲೀಕರ ಪಾಲಿಸಿ ಮುಗಿದು ತಿಂಗಳುಗಳೇ ಕಳೆದಿದ್ದವು. ಇನ್ಶೂರೆನ್ಸ್ ಇಲ್ಲದೆ ಗೇಟು ದಾಟಿಸೋದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಮೊದಲು ಆನ್‌ಲೈನ್‌ನಲ್ಲಿ ನೋಡಿದೆ. ಕೆಲವು ಕಡೆ ಈ ಮಾಡೆಲ್ ಪಟ್ಟಿಯಲ್ಲೇ ಇಲ್ಲ. ಇದ್ದ ಕಡೆ ಬೆಲೆ ನೋಡಿದರೆ ಖುಷಿಯಾಗುತ್ತೆ, ಎಲ್ಲಾ ಸೇರಿ 20 ಸಾವಿರದೊಳಗೆ! ಆದರೆ ಐಡಿವಿ, ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಲೆಕ್ಕಕ್ಕೆ ಹಿಡಿಯೋ ಬೆಲೆ, ಎಷ್ಟು? 6 ಲಕ್ಷ. ಇದೇ ವರ್ಷದ, ಇದೇ ಸ್ಥಿತಿಯ ಗಾಡಿಗೆ ಬೆಂಗಳೂರಿನಲ್ಲಿ ಜನ ಕೇಳುತ್ತಿರೋದು ಅದರ ಮೂರು ಪಟ್ಟು.

ಹಳೆ ಗಾಡಿ ಇಟ್ಟುಕೊಂಡವರು ತಿಳಿದಿರಲೇಬೇಕಾದ ವಿಷಯ ಇದು. ಗಾಡಿಗೆ 5 ವರ್ಷ ಆಗುವವರೆಗೆ ಐಡಿವಿಗೆ ಸಿದ್ಧ ಪಟ್ಟಿ ಇದೆ. ಶೋರೂಂ ಬೆಲೆಯಲ್ಲಿ ವರ್ಷಕ್ಕೆ ಇಷ್ಟು ಅಂತ ಕಳೆಯುತ್ತಾ ಹೋಗಿ ಐದನೇ ವರ್ಷಕ್ಕೆ ಅರ್ಧಕ್ಕೆ ಇಳಿಸುತ್ತಾರೆ. 5 ವರ್ಷ ದಾಟಿದ ಮೇಲೆ ಪಟ್ಟಿ ಇಲ್ಲ. ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಒಪ್ಪಿದ್ದೇ ಐಡಿವಿ. ಅಂದರೆ ಸ್ಕ್ರೀನ್ ಮೇಲೆ ಕಾಣುವ 6 ಲಕ್ಷ ಬರೀ ಅವರ ಕಡೆಯ ಮೊದಲ ಮಾತು. ನಾವು ಒಪ್ಪಬೇಕು ಅಂತೇನಿಲ್ಲ. ಒಮ್ಮೆ ಒಪ್ಪಿದ ಮೇಲೆ ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ, ಆ ವರ್ಷವಿಡೀ ಅದೇ ಮೊತ್ತ ಲೆಕ್ಕಕ್ಕೆ. ಅಮೆರಿಕದಲ್ಲಿ ಹ್ಯಾಗರ್ಟಿಯಂಥ ಕಂಪನಿಗಳು ಹಳೆ ಕಾರುಗಳಿಗೆಂದೇ ಮೊದಲೇ ಬೆಲೆ ಒಪ್ಪಿಕೊಂಡು ಪಾಲಿಸಿ ಕೊಡುತ್ತವೆ. ನಮ್ಮಲ್ಲಿ ಆ ಹೆಸರಿನ ಪಾಲಿಸಿ ಬೇಕಿಲ್ಲ, ಐಡಿವಿ ಸರಿಯಾಗಿ ಬರೆಸಿಕೊಂಡರೆ ಆ ಮಟ್ಟಿಗೆ ಅದೇ ಕೆಲಸ ಆಗುತ್ತೆ.

ಕಡಿಮೆ ಐಡಿವಿಯಲ್ಲಿ ಇನ್ನೊಂದು ಅಪಾಯ ಇದೆ, ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಅದೇ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಅದು ಟೋಟಲ್ ಲಾಸ್, ಅಂದರೆ ರಿಪೇರಿ ಬಿಟ್ಟು ಗಾಡಿ ಪೂರ್ತಿ ಹಾಳಾಯಿತು ಅಂತಲೇ ಲೆಕ್ಕ. 6 ಲಕ್ಷಕ್ಕೆ ಶೇ. 75 ಅಂದರೆ ನಾಲ್ಕೂವರೆ ಲಕ್ಷ. ಬಾಕ್ಸ್‌ಸ್ಟರ್‌ನ ರೇಡಿಯೇಟರ್‌ಗಳು ಇರೋದು ಮುಂದಿನ ಬಂಪರ್‌ನ ಎರಡೂ ಮೂಲೆಗಳಲ್ಲಿ, ಅವುಗಳ ಮುಂದೆ ಎಸಿ ಕಂಡೆನ್ಸರ್. ಸಿಗ್ನಲ್‌ನಲ್ಲಿ ಮುಂದಿನ ಟೆಂಪೋಗೆ ಮೂಲೆ ಗುದ್ದಿದರೆ ಬಂಪರ್, ಹೆಡ್‌ಲೈಟ್, ಕಂಡೆನ್ಸರ್, ರೇಡಿಯೇಟರ್ ಎಲ್ಲಾ ಒಟ್ಟಿಗೆ ಹೋಗುತ್ತೆ. ಅಷ್ಟೂ ಹೊರಗಿನಿಂದ ತರಿಸಬೇಕಾದ ಸಾಮಾನು. ಆ ಮಿತಿ ದಾಟೋದು ಕಷ್ಟವೇ ಅಲ್ಲ. ಆಗ ಇಂಜಿನ್, ಗೇರ್‌ಬಾಕ್ಸ್, ಚಾಸಿಸ್ ಎಲ್ಲಾ ಗಟ್ಟಿಮುಟ್ಟಾಗಿರೋ ಗಾಡಿ ಕಾಗದದ ಮೇಲೆ ಗುಜರಿ. ಐಡಿವಿ 18 ಲಕ್ಷ ಇದ್ದರೆ ಮಿತಿ ಹದಿಮೂರೂವರೆ ಲಕ್ಷಕ್ಕೆ ಏರುತ್ತೆ, ರಿಪೇರಿ ಮಾಡಿಸಿಕೊಂಡು ಮನೆಗೆ ತರಬಹುದು.

ಹಾಗಾಗಿ ಆನ್‌ಲೈನ್ ಬಿಟ್ಟು ಒಂದು ಬ್ರಾಂಚ್‌ಗೇ ಹೋದೆ. ಲೈಸೆನ್ಸ್ ಇರುವ ಸರ್ವೇಯರ್ ಕೈಲಿ ಮಾಡಿಸಿದ ಮೌಲ್ಯಮಾಪನ ವರದಿ, ಸರ್ವಿಸ್ ಬಿಲ್ಲುಗಳು, ಇಂಥದ್ದೇ ಗಾಡಿಗಳ ಮಾರಾಟದ ಜಾಹೀರಾತುಗಳು, ಎಲ್ಲಾ ಒಂದು ಫೈಲಿನಲ್ಲಿ. ಮ್ಯಾನೇಜರ್ ಬಿಲ್ಲುಗಳನ್ನ ಒಂದೊಂದಾಗಿ ತಿರುವಿ ನೋಡಿದರು. 18 ಲಕ್ಷಕ್ಕೆ ಒಪ್ಪಿ, ಇನ್‌ಸ್ಪೆಕ್ಷನ್‌ಗೆ ಬರೆದರು. ಪಾಲಿಸಿ ನಡುವೆ ನಿಂತುಹೋಗಿದ್ದರೆ ಗಾಡಿ ನೋಡದೆ ಕೊಡಲ್ಲ.

ಇನ್‌ಸ್ಪೆಕ್ಷನ್‌ಗೆ ಬಂದ ಹುಡುಗ "ಸರ್, ಬಾನೆಟ್ ತೆಗೀರಿ, ಇಂಜಿನ್ ನಂಬರ್ ಫೋಟೋ ಬೇಕು" ಅಂದ. ತೆಗೆದೆ. ಒಳಗೆ ಸಾಮಾನಿಡೋ ಜಾಗ. "ಹಿಂದೆ ಇರ್ಬೇಕಲ್ವಾ ಸರ್?" ಹಿಂದೆ ತೆಗೆದರೆ ಅಲ್ಲೂ ಡಿಕ್ಕಿ, ಆಯಿಲ್ ಮತ್ತು ಕೂಲೆಂಟ್ ತುಂಬೋ ಎರಡು ಮುಚ್ಚಳ ಬಿಟ್ಟರೆ ಏನೂ ಇಲ್ಲ. ಇಂಜಿನ್ ಇರೋದು ಸೀಟಿನ ಹಿಂದೆ, ನಂಬರ್ ಕೆತ್ತಿರೋದು ಅದರ ಹೊಟ್ಟೆಯ ಕೆಳಗೆ. ಇದಕ್ಕಾಗಿಯೇ ಇನ್‌ಸ್ಪೆಕ್ಷನ್ ಅನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡಿದ್ದೆ. ಗಾಡಿಯನ್ನ ಲಿಫ್ಟ್ ಮೇಲೇರಿಸಿ, ಬಟ್ಟೆಯಿಂದ ಜಿಡ್ಡು ಒರೆಸಿ, ಟಾರ್ಚ್ ಹಿಡಿದ ಮೇಲೆ ಫೋಟೋ ಸಿಕ್ಕಿತು. ಹುಡುಗ ತುಂಬಾ ಆಸಕ್ತಿಯಿಂದ ನೋಡಿದ. ಚಾಸಿಸ್ ನಂಬರ್ ಮಾತ್ರ ಸುಲಭ, ಮುಂದಿನ ಗಾಜಿನ ಮೂಲೆಯಲ್ಲೇ ಕಾಣುತ್ತೆ.

ಇನ್ನು ದುಡ್ಡಿನ ಲೆಕ್ಕ. 2007ರಿಂದ ಕಂಪನಿಗಳು ಸ್ವಂತ ಹಾನಿಯ (ನಮ್ಮ ಗಾಡಿಗೇ ಆಗೋ ಹಾನಿಯ) ಪ್ರೀಮಿಯಂ ತಾವೇ ನಿಗದಿ ಮಾಡಬಹುದು, ಆದರೂ ಹಳೆ ಟ್ಯಾರಿಫ್, ಅಂದರೆ ಹಿಂದಿನ ಸಿದ್ಧ ದರಪಟ್ಟಿ, ಇಟ್ಟುಕೊಂಡು ಲೆಕ್ಕ ಹಾಕಿದರೆ ಅಂದಾಜು ಸಿಗುತ್ತೆ. ಅದರಲ್ಲಿ ಬೆಂಗಳೂರು ಎ ಝೋನ್. 1,500 ಸಿಸಿ ಮೀರಿದ, 10 ವರ್ಷ ದಾಟಿದ ಕಾರಿಗೆ ಐಡಿವಿಯ ಶೇ. 3.698. 18 ಲಕ್ಷಕ್ಕೆ 66,564 ರೂಪಾಯಿ. ಚೌಕಾಸಿ ಮಾಡಿದ ಮೇಲೆ ಕಾಲು ಭಾಗ ಇಳಿಸಿದರು, ಸುಮಾರು 50 ಸಾವಿರ ಆಯ್ತು.

ಇಲ್ಲಿ ಕೈಹಿಡಿದದ್ದು ಎನ್‌ಸಿಬಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಗಾಡಿಯದ್ದಲ್ಲ, ಮಾಲೀಕನದ್ದು. ನನ್ನ ಹಳೆ ಸೆಡಾನ್ ಮಾರಿದಾಗ ಶೇ. 50ರ ಎನ್‌ಸಿಬಿ ಪತ್ರ ತೆಗೆದಿಟ್ಟುಕೊಂಡಿದ್ದೆ. 3 ವರ್ಷದೊಳಗೆ ಬೇರೆ ಕಾರಿಗೆ ಬಳಸಬಹುದು. 50 ಸಾವಿರ ಇದ್ದದ್ದು 25 ಸಾವಿರ ಆಯ್ತು. ಥರ್ಡ್ ಪಾರ್ಟಿ 7,897, ಅದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಶೇ. 18 ಜಿಎಸ್‌ಟಿ ಸೇರಿ 39 ಸಾವಿರದ ಆಸುಪಾಸು. ಅಂದರೆ 12 ಲಕ್ಷದಷ್ಟು ಹೆಚ್ಚಿನ ರಕ್ಷಣೆಗೆ ವರ್ಷಕ್ಕೆ ಸುಮಾರು 20 ಸಾವಿರ ಜಾಸ್ತಿ. ನನ್ನ ಪ್ರಕಾರ ಅಗ್ಗ ಅಂದರೆ ಇದು.

ಸಣ್ಣಪುಟ್ಟ ಕ್ಲೇಮ್ ಮಾಡೋದಿಲ್ಲ ಅಂತಲೂ ನಿರ್ಧರಿಸಿದ್ದೇನೆ. ಒಂದು ಕ್ಲೇಮ್ ಮಾಡಿದರೆ ಎನ್‌ಸಿಬಿ ಸೊನ್ನೆಗೆ ಬರುತ್ತೆ. ಆಮೇಲೆ ವರ್ಷ ವರ್ಷ ಶೇ. 20, 25, 35, 45 ಅಂತ ಹತ್ತಿ ಮತ್ತೆ 50 ಮುಟ್ಟುವಷ್ಟರಲ್ಲಿ ಇದೇ ಐಡಿವಿಯ ಲೆಕ್ಕದಲ್ಲಿ 60 ಸಾವಿರಕ್ಕೂ ಹೆಚ್ಚು ಕೈಬಿಟ್ಟು ಹೋಗುತ್ತೆ. ಸಾಲದ್ದಕ್ಕೆ 10 ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಅರ್ಧ ದುಡ್ಡು ಮಾತ್ರ, ಪ್ಲಾಸ್ಟಿಕ್‌ಗೂ ಅಷ್ಟೇ. ಹೀಗೆ ಕಳೆಯದೆ ಭಾಗಗಳ ಪೂರ್ತಿ ದುಡ್ಡು ಕೊಡೋ ಝೀರೋ ಡೆಪ್ ಈ ವಯಸ್ಸಿನ ಗಾಡಿಗೆ ಯಾರೂ ಕೊಡಲಿಲ್ಲ. ಹೇಗೂ ಸಣ್ಣ ಕ್ಲೇಮ್ ಮಾಡಲ್ಲ ಅಂದಮೇಲೆ 15,000ದ ಸ್ವಯಂಪ್ರೇರಿತ ಕಡಿತವನ್ನೂ (ಕ್ಲೇಮ್‌ನಲ್ಲಿ ಅಷ್ಟು ದುಡ್ಡು ನಾನೇ ಹಾಕೋದು) ಒಪ್ಪಿಕೊಂಡೆ. ಟ್ಯಾರಿಫ್ ಪ್ರಕಾರ ಅದರ ರಿಯಾಯಿತಿ 2,500 ದಾಟಲ್ಲ, ಸಿಕ್ಕಷ್ಟು ಸಿಗಲಿ.

ವಿಂಟೇಜ್ ರಿಯಾಯಿತಿ ಬಗ್ಗೆ ಕೆಲವರು ಕೇಳಿದ್ದರು. ಅದು 1940ಕ್ಕೂ ಹಿಂದಿನ ಕಾರುಗಳಿಗೆ, ನಮಗಲ್ಲ. ಆರ್‌ಸಿ ಮೇಲೂ ಕಣ್ಣಿಡಿ. 15 ವರ್ಷಕ್ಕೆ ನವೀಕರಣ ಆಗದಿದ್ದರೆ ಕ್ಲೇಮ್ ಹೊತ್ತಿಗೆ ತೊಂದರೆ. ನನ್ನದನ್ನ ಹಿಂದಿನ ಮಾಲೀಕರು 2023ರಲ್ಲೇ ಮಾಡಿಸಿದ್ದರು, ಇಂಪೋರ್ಟೆಡ್ ಕಾರಿಗೆ ಶುಲ್ಕ 40,000. 20 ವರ್ಷ ದಾಟಿದ ಮೇಲೆ ಅದು 80,000, ಈಗಿನಿಂದಲೇ ಎತ್ತಿಡುತ್ತಿದ್ದೇನೆ.

ಮುಂದಿನ ಕೆಲಸ ಬಂಪರ್ ಬಿಚ್ಚೋದು. ರೇಡಿಯೇಟರ್ ಮತ್ತು ಕಂಡೆನ್ಸರ್ ನಡುವೆ ಒಣಗಿದ ಎಲೆ ಸಿಕ್ಕಾಪಟ್ಟೆ ತುಂಬಿಕೊಂಡಿದೆ. ಅದನ್ನ ತೆಗೆದು ಎರಡೂ ಕಡೆ ಜಾಲರಿ ಹಾಕಬೇಕು. ಜಾಲರಿಗೆ ಅಳತೆ ತೆಗೆದುಕೊಂಡು ಹೋಗಿ ಕೊಟ್ಟು ಬಂದಿದ್ದೇನೆ.