ಜಾಡು: ಇಲ್ಲದ ದಾರಿ ತೋರಿಸದ ಟ್ರೇಸ್‌ರೂಟ್

ಜಾಡು ಅನ್ನೋದು ನಾನು ಶಿರಸಿಯಲ್ಲಿ ಕೂತು ಪೈಥಾನ್‌ನಲ್ಲಿ ಬರೆಯುತ್ತಿರುವ ಕಮಾಂಡ್ ಲೈನ್ ಟೂಲ್. ಕೆಲಸ ಟ್ರೇಸ್‌ರೂಟ್‌ನದ್ದೇ: ನಮ್ಮ ಪ್ಯಾಕೆಟ್ (ಡೇಟಾದ ತುಣುಕು) ಯಾವ ಯಾವ ರೌಟರ್ ದಾಟಿ ಹೋಗುತ್ತದೆ ಅಂತ ತೋರಿಸುವುದು. ಈ ಸಲ ಹೆಚ್ಚಿನ ಸಮಯ ಹೋಗಿದ್ದು ಒಂದೇ ವಿಷಯಕ್ಕೆ. ಯಾವ ಪ್ಯಾಕೆಟ್ಟೂ ಹೋಗದ ದಾರಿಯನ್ನು ಅದು ತೋರಿಸಬಾರದು.

ಉಪಾಯ ಹಳೆಯದು. ವ್ಯಾನ್ ಜೇಕಬ್ಸನ್ 1980ರ ದಶಕದ ಕೊನೆಯಲ್ಲಿ ಟ್ರೇಸ್‌ರೂಟ್ ಬರೆದರು. ಐಪಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತದೆ. ದಾಟಿದ ಪ್ರತಿ ರೌಟರ್ ಅದರಲ್ಲಿ 1 ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಬಿಸಾಕಿ, ಕಳಿಸಿದವರಿಗೆ ಐಸಿಎಂಪಿ ಸಂದೇಶ (ಜಾಲದ ತೊಂದರೆ ತಿಳಿಸುವ ಸಂದೇಶ) ಕೊಡುತ್ತದೆ. ಟಿಟಿಎಲ್ 1, 2, 3 ಅಂತ ಏರಿಸುತ್ತಾ ಹೋದರೆ ರೌಟರ್‌ಗಳು ಒಂದೊಂದಾಗಿ ತಮ್ಮ ವಿಳಾಸ ಹೇಳುತ್ತವೆ. ಎಷ್ಟು ಚಂದ ಅಲ್ವಾ!

ಆದರೆ ಹಳೆಯ ಕ್ರಮದಲ್ಲಿ, ಯಾವ ಉತ್ತರ ಯಾವ ಪ್ಯಾಕೆಟ್‌ನದ್ದು ಅಂತ ಗುರುತಿಸಲು, ಯುಡಿಪಿ (ಡೇಟಾ ಕಳಿಸುವ ಒಂದು ಸರಳ ಪ್ರೋಟೋಕಾಲ್) ಪೋರ್ಟ್ ಸಂಖ್ಯೆ 33434ರಿಂದ ಶುರುವಾಗಿ ಪ್ರತಿ ಪ್ಯಾಕೆಟ್‌ಗೂ ಒಂದೊಂದು ಏರುತ್ತದೆ. ದೊಡ್ಡ ಜಾಲಗಳಲ್ಲಿ ಲೋಡ್ ಹಂಚುವ ರೌಟರ್‌ಗಳು ವಿಳಾಸ, ಪ್ರೋಟೋಕಾಲ್, ಪೋರ್ಟ್ ನೋಡಿಯೇ ಲಿಂಕ್ ಆರಿಸುತ್ತವೆ. ಪೋರ್ಟ್ ಬದಲಾದರೆ ದಾರಿಯೂ ಬದಲಾಗಬಹುದು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲೂ ಇಳಿಯಬಹುದು, ಸಿದ್ದಾಪುರಕ್ಕೆ ಹೋಗಿ ದೊಡ್ಮನೆ ಘಟ್ಟದಲ್ಲೂ ಇಳಿಯಬಹುದು. ಎರಡು ಬಸ್ಸಿನವರ ಮಾತು ಸೇರಿಸಿ ಬರೆದರೆ ಸಿದ್ದಾಪುರ ಆದಮೇಲೆ ದೇವಿಮನೆ ಬರುತ್ತದೆ! 2006ರ ಪ್ಯಾರಿಸ್ ಟ್ರೇಸ್‌ರೂಟ್ ಇದನ್ನು ಬಗೆಹರಿಸಿತು: ಪೋರ್ಟ್ ಬದಲಿಸಬೇಡಿ, ಗುರುತಿಗೆ ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲ ಅಂತ ಪರೀಕ್ಷಿಸುವ ಸಂಖ್ಯೆ) ಬಳಸಿ. ವಾಪಸ್ ಬರುವ ಐಸಿಎಂಪಿಯಲ್ಲಿ ನಮ್ಮ ಐಪಿ ಹೆಡರ್ (ಪ್ಯಾಕೆಟ್‌ನ ಮುಂದಿರುವ, ವಿಳಾಸ ಮುಂತಾದವು ಇರುವ ಭಾಗ) ಮತ್ತು ಅದರ ಮುಂದಿನ ಕನಿಷ್ಠ 8 ಬೈಟ್ ಇರುತ್ತದೆ. ಯುಡಿಪಿ ಚೆಕ್‌ಸಮ್ ಅಷ್ಟರೊಳಗೇ ಸಿಗುತ್ತದೆ.

ಮನೆಯ ವೈಫೈಯಲ್ಲಿ ಇದು ಸಾಲಲಿಲ್ಲ. ಮಧ್ಯೆ ನ್ಯಾಟ್ ಇದೆ, ಅಂದರೆ ಮನೆಯೊಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ. ಅದು ವಿಳಾಸ ಬದಲಿಸಿದಾಗ ಚೆಕ್‌ಸಮ್ಮೂ ಬದಲಾಗುತ್ತದೆ, ವಾಪಸ್ ಬರುವಾಗ ಎಲ್ಲ ರೌಟರ್‌ಗಳೂ ಅದನ್ನು ಮೊದಲಿನಂತೆ ಮಾಡಿ ಕೊಡುವುದಿಲ್ಲ. ಹಾಗಾಗಿ ಗುರುತನ್ನು ಐಪಿ ಹೆಡರ್‌ನ ಐಡಿ ಜಾಗಕ್ಕೆ ಹಾಕಿದೆ. 16 ಬಿಟ್ ಧಾರಾಳ ಸಾಕು. ಲೋಡ್ ಹಂಚುವವರು ಅದನ್ನು ನೋಡುವುದಿಲ್ಲ, ಮನೆಯ ನ್ಯಾಟ್ ಕೂಡ ಮುಟ್ಟಲಿಲ್ಲ. ಈಗ ಉತ್ತರಗಳು ಸರಿಯಾಗಿ ಹೊಂದುತ್ತವೆ. ಬೇರೆ ದಾರಿಗಳೂ ಬೇಕಿದ್ದರೆ ಜಾಡು ಬೇರೆ ಪೋರ್ಟ್‌ನಲ್ಲಿ ಮತ್ತೆ ಹೋಗಿ, ಪ್ರತಿ ದಾರಿಯನ್ನೂ ಬೇರೆಯಾಗಿಯೇ ಬರೆಯುತ್ತದೆ.

ಇನ್ನೊಂದು ಬದಲಾವಣೆ, ಉತ್ತರ ಬಾರದ ಹಾಪ್‌ಗೆ (ಹಾಪ್ ಅಂದರೆ ದಾರಿಯ ಒಂದೊಂದು ಹಂತ) ಟ್ರೇಸ್‌ರೂಟ್ ಹಾಕುವ ನಕ್ಷತ್ರ ಚಿಹ್ನೆಯದು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದಾಗ, ಮನೆಯಿಂದ ಕೆಲಸ ಮಾಡುವ ಸ್ನೇಹಿತರು ಟ್ರೇಸ್ ಕಳಿಸಿ "ಐದನೇ ಹಾಪ್ ಸತ್ತಿದೆ" ಅನ್ನುತ್ತಾರೆ. ಆರನೆಯದು ಉತ್ತರಿಸಿದ್ದರೆ ಐದನೆಯದು ಸತ್ತಿಲ್ಲ. ಐಸಿಎಂಪಿ ಉತ್ತರಕ್ಕೆ ರೌಟರ್‌ಗಳು ಮಿತಿ ಹಾಕಿಕೊಂಡಿರುತ್ತವೆ, ಕೆಲವು ಕೊಡುವುದೇ ಇಲ್ಲ. ಮಧ್ಯದ ಒಂದು ಹಾಪ್ ಮಾತ್ರ ನಿಧಾನ ಕಂಡರೂ ಹಾಗೇ. ಕೊನೆಯ ಹಾಪ್‌ವರೆಗೂ ಮುಂದುವರಿದ ಪ್ಯಾಕೆಟ್ ನಷ್ಟಕ್ಕೆ ಮಾತ್ರ ಜಾಡು ಈಗ ಎಚ್ಚರಿಕೆ ಕೊಡುತ್ತದೆ. ಉಳಿದ ಕಡೆ "ಉತ್ತರ ಕೊಟ್ಟಿಲ್ಲ" ಅಂತ ಅಷ್ಟೇ.

ಹೌದು, ಕನ್ನಡದಲ್ಲೇ! ಒತ್ತಕ್ಷರದ ಅಗಲವನ್ನು ಒಂದೊಂದು ಟರ್ಮಿನಲ್ ಒಂದೊಂದು ಥರ ಎಣಿಸುತ್ತದೆ, ಕಾಲಂ ಓರೆಯಾಗುತ್ತದೆ. ಅದಕ್ಕೆ ಅಂಕಿಗಳನ್ನೆಲ್ಲ ಎಡಕ್ಕೆ ತಂದು, ಕನ್ನಡ ಮಾತನ್ನು ಸಾಲಿನ ಕೊನೆಗೆ ಇಟ್ಟಿದ್ದೇನೆ.

ಮುಂದಿನ ಕೆಲಸ ಐಪಿವಿ6, ಅಂದರೆ ಐಪಿಯ ಹೊಸ ಆವೃತ್ತಿ. ಅದರ ಮೂಲ ಹೆಡರ್‌ನಲ್ಲಿ ಐಡಿ ಜಾಗವೇ ಇಲ್ಲ. ಆದರೆ ಐಸಿಎಂಪಿವಿ6 ಸಂದೇಶ 1280 ಬೈಟ್ ಮೀರದಂತೆ ನಮ್ಮ ಪ್ಯಾಕೆಟ್ ಎಷ್ಟು ಹಿಡಿಸುತ್ತದೋ ಅಷ್ಟನ್ನೂ ವಾಪಸ್ ತರಬೇಕು ಅಂತ ನಿಯಮವಿದೆ. ಗುರುತನ್ನು ಡೇಟಾದೊಳಗೇ ಇಡಬಹುದು. ಫ್ಲೋ ಲೇಬಲ್ (ಒಂದೇ ಹರಿವಿನ ಪ್ಯಾಕೆಟ್‌ಗಳನ್ನು ಗುರುತಿಸುವ ಸಂಖ್ಯೆ) ಮಾತ್ರ ಒಂದೇ ಇಟ್ಟುಕೊಳ್ಳಬೇಕು, ಲೋಡ್ ಹಂಚುವಾಗ ಅದನ್ನೂ ನೋಡುವ ರೌಟರ್‌ಗಳಿವೆ.